ಮುಖ ಕೆಂಪೇರಿದರೆ ಮೊದಲು ಬೆವರು ನೋಡಿ

ಚರ್ಮದಡಿಯ ಸಣ್ಣ ರಕ್ತನಾಳಗಳು ದೇಹದ ಕಾವನ್ನು ಹೊರಹಾಕುವ ದಾರಿಗಳು. ಅವು ಹಿಗ್ಗಿದಾಗ ಹೆಚ್ಚು ರಕ್ತ ಹರಿದು ಚರ್ಮ ಕೆಂಪೇರುತ್ತದೆ, ಬಿಸಿಯಾಗುತ್ತದೆ. ಮುಖ, ಕಿವಿ, ಕುತ್ತಿಗೆಯಲ್ಲಿ ಈ ನಾಳಗಳು ದಟ್ಟವಾಗಿರುವುದರಿಂದ ಅಲ್ಲೇ ಇದು ಹೆಚ್ಚು. ಕಂದು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದೆ ಬರೀ ಉರಿ, ಕಾವು ಅನುಭವಕ್ಕೆ ಬರಬಹುದು. ಹಾಗಾಗಿ ನಮ್ಮಲ್ಲಿ ಇದು ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ.

ಕಾರಣ ಹುಡುಕಲು ಒಂದು ಪ್ರಶ್ನೆ ನೆರವಾಗುತ್ತದೆ: ಜೊತೆಗೆ ಬೆವರುತ್ತದೆಯೇ? ನಾಳ ಹಿಗ್ಗುವ ಸೂಚನೆ ನರಗಳಿಂದ ಬಂದಿದ್ದರೆ ಸಾಮಾನ್ಯವಾಗಿ ಬೆವರೂ ಬರುತ್ತದೆ, ಏಕೆಂದರೆ ಬೆವರಿನ ಗ್ರಂಥಿಗಳನ್ನು ನಡೆಸುವುದೂ ನರಗಳೇ. ವ್ಯಾಯಾಮ, ಖಾರದ ಊಟ ಈ ಗುಂಪಿಗೆ ಸೇರುತ್ತವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಏರುವ ಬಿಸಿಯೂ ಇದೇ ಬಗೆಯದು. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾದಾಗ ಮೆದುಳಿನ ತಾಪ ನಿಯಂತ್ರಣ ಕೇಂದ್ರ ಅತಿಸೂಕ್ಷ್ಮವಾಗಿ, ತುಸು ಸೆಕೆಗೂ ದೇಹವನ್ನು ತಂಪಾಗಿಸಲು ಹೊರಡುತ್ತದೆ.

ಬೆವರಿಲ್ಲದೆ ಕೆಂಪೇರಿದರೆ, ರಕ್ತದಲ್ಲಿರುವ ಯಾವುದೋ ವಸ್ತು ನಾಳಗಳನ್ನು ನೇರವಾಗಿ ಹಿಗ್ಗಿಸುತ್ತಿರಬಹುದು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ಹೆಚ್ಚು ಪ್ರಮಾಣದ ನಯಾಸಿನ್ (ಒಂದು ಬಿ ಜೀವಸತ್ವ) ಹೀಗೆ ಮಾಡಬಲ್ಲವು. ಮದ್ಯ ಕುಡಿದ ಕೆಲವರಲ್ಲಿ ಅದರಿಂದ ಹುಟ್ಟುವ ಅಸಿಟಾಲ್ಡಿಹೈಡ್ ಬೇಗ ಕರಗದೆ ಮುಖ ಕೆಂಪಾಗುತ್ತದೆ. ಇನ್ನು ಕೆನ್ನೆ, ಮೂಗಿನ ಕೆಂಪು ಆಗಾಗ ಮರುಕಳಿಸಿ ಕೊನೆಗೆ ಅಲ್ಲೇ ನೆಲೆಸಿದರೆ ಅದು ರೊಸೇಸಿಯಾ ಎಂಬ ದೀರ್ಘಕಾಲದ ಚರ್ಮದ ತೊಂದರೆ ಇರಬಹುದು.

ಯಾವಾಗ ಕೆಂಪೇರಿತು, ಅದಕ್ಕೆ ಮುಂಚೆ ಏನು ತಿಂದಿರಿ, ಯಾವ ಮಾತ್ರೆ ನುಂಗಿದಿರಿ ಎಂದು ಕೆಲವು ವಾರ ಬರೆದಿಟ್ಟರೆ ಪ್ರಚೋದಕ ಸಿಗುತ್ತದೆ. ಕಾಫಿ ಕುಡಿದಾಗ ಮುಖ ಬಿಸಿಯಾಗುವುದು ಎಷ್ಟೋ ಸಲ ಕಾಫಿಯಿಂದಲ್ಲ, ಅದರ ಬಿಸಿಯಿಂದ. ಆರಿಸಿ ಕುಡಿದು ನೋಡಬಹುದು. ಬಿಸಿಲಿಗೆ ಕೊಡೆ, ಸನ್‌ಸ್ಕ್ರೀನ್ ಬೇಕು. ಮಾತ್ರೆಯ ಮೇಲೆ ಅನುಮಾನವಿದ್ದರೆ ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಕೆಂಪಿನ ಜೊತೆ ಉಸಿರಾಟದ ತೊಂದರೆ, ತುಟಿಯ ಊತ, ತಲೆಸುತ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪದೇ ಪದೇ ಕೆಂಪೇರಿ ಭೇದಿಯೂ ಆಗುತ್ತಿದ್ದರೆ ತಪಾಸಣೆ ತಪ್ಪಿಸಬಾರದು.

ನಮ್ಮಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮು. ಅದು ಮೊದಲು ಕೆಂಪನ್ನು ಇಳಿಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳುವಾಗಿಸಿ ನಾಳಗಳೇ ಎದ್ದು ಕಾಣುವಂತೆ ಮಾಡುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಇಂಥ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿಯ ನಿಯಮಕ್ಕೆ ಒಳಪಡಿಸಿದ್ದು ಇದೇ ಕಾರಣಕ್ಕೆ ಸರಿಯಾದ ಹೆಜ್ಜೆ. ಆದರೆ ಚೀಟಿ ಕೇಳುವ ಅಂಗಡಿಯೂ ಚೀಟಿ ತರುವ ಗಿರಾಕಿಯೂ ಇಲ್ಲದಿದ್ದರೆ ಆ ನಿಯಮದಿಂದ ಯಾರ ಮುಖವೂ ಉಳಿಯದು.