ಕಚೇರಿಯಲ್ಲಿ 311, ಮನೆಯಲ್ಲಿ ‘ನಾಳೆಯಿಂದ ಬರಬೇಡ’

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಸಂವಿಧಾನದ 311ನೆಯ ವಿಧಿಯೆಂದರೆ ಅಭಯಹಸ್ತವಿದ್ದಂತೆ. ಕೆಲವು ಅಪವಾದಗಳನ್ನು ಬಿಟ್ಟರೆ, ಆಪಾದನೆ ತಿಳಿಸದೆ, ವಿಚಾರಣೆ ನಡೆಸದೆ, ನಮ್ಮ ಮಾತು ಕೇಳದೆ ನಮ್ಮನ್ನು ವಜಾ ಮಾಡುವಂತಿಲ್ಲ. ಮೇಲಧಿಕಾರಿ ಒಂದು ಮೆಮೊ ಕೊಟ್ಟರೂ ನಿಯಮಾವಳಿ ಬಿಡಿಸಿ ಉತ್ತರ ಬರೆಯುವವರು ನಾವು. ಅದು ನಮ್ಮ ಹಕ್ಕು, ಇರಲಿ. ಆದರೆ ಸಂಜೆ ದ್ವಾರಕೆಯ ಫ್ಲ್ಯಾಟಿಗೆ ಹಿಂತಿರುಗಿದ ಮೇಲೆ ಯಾವ ನಿಯಮದಂತೆ ನಡೆಯುತ್ತೇವೆ?

ಇಲ್ಲಿನ ಸೊಸೈಟಿಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಅಡಿಗೆ ಮಾಡುವ ಹೆಂಗಸರನ್ನು ಬಿಡಿಸುವುದು ಎಷ್ಟು ಸುಲಭ! ಐದು ವರ್ಷ ದುಡಿದವಳಿಗೂ ಫೋನಿನಲ್ಲಿ ಒಂದೇ ಮಾತು: ‘ಕಲ್ ಸೇ ಮತ್ ಆನಾ.’ ಊರಿನಿಂದ ನಾಲ್ಕು ದಿನ ತಡವಾಗಿ ಬಂದದ್ದು, ಬಸುರಿಯಾದದ್ದು, ಸಂಬಳ ಹೆಚ್ಚಿಸಿರೆಂದು ಕೇಳಿದ್ದು, ಇಷ್ಟೇ ಸಾಕು. ಉಂಗುರ ಕಾಣೆಯಾದರಂತೂ ಆಕೆಯ ಮಾತು ಕೇಳುವ ಮೊದಲೇ ತೀರ್ಪು. ಗೇಟಿನ ಪಾಸು ರದ್ದಾದರೆ ಆ ಸೊಸೈಟಿಯ ಉಳಿದ ಮನೆಗಳ ಕೆಲಸವೂ ಹೋಯಿತು.

ನಮ್ಮ ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರನ್ನು ಇಲ್ಲಿ ನೆನೆಯಬೇಕು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು ಎಂದಿತ್ತು 1961ರ ನಿಯಮ. ಗಂಡಸರಿಗೆ ಈ ಷರತ್ತಿರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮೊಕದ್ದಮೆ ಮುಗಿಯುವ ಮೊದಲೇ ಬಡ್ತಿ ಬಂತು. ಹಾಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿಯನ್ನು ಮುಕ್ತಾಯಗೊಳಿಸಿದರೂ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳ ಲಿಂಗಭೇದವನ್ನು ಕಟುವಾಗಿ ಖಂಡಿಸಿ, ಸೇವಾ ನಿಯಮಗಳಿಂದ ಈ ಕಳಂಕವನ್ನು ತೊಡೆಯಬೇಕೆಂದು ಸರ್ಕಾರಕ್ಕೆ ತಿಳಿಸಿದರು.

ಮುತ್ತಮ್ಮನವರು ನಮ್ಮವರೆಂದು ಹೆಮ್ಮೆಪಡುವ ನಾವು, ಬಸುರಿಯಾದಳೆಂದು ಕೆಲಸದವಳನ್ನು ಬಿಡಿಸುವುದನ್ನು ಕಂಡೂ ಸುಮ್ಮನಿರುವುದು ಯಾವ ನ್ಯಾಯ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣವಲ್ಲವೇ?

ಕಾನೂನೂ ಆಕೆಯನ್ನು ಹೊಸ್ತಿಲಾಚೆಗೇ ನಿಲ್ಲಿಸಿದೆ. ಒಂದು ವರ್ಷ ದುಡಿದ ಕಾರ್ಮಿಕರನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು, ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಪರಿಹಾರ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯಿಂದ ಬಂದ ಪದ್ಧತಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೆ ಮನೆಗೆಲಸ ‘ಕೈಗಾರಿಕೆ’ಯಲ್ಲವೆಂದು ಅದೇ ಸಂಹಿತೆ ಹೊರಗಿಟ್ಟಿದೆ. ಮನೆಗೆಲಸದವರ ರಕ್ಷಣೆಗೆ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ನೇಮಿಸುವಂತೆ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತು. ನಮ್ಮ ಕರ್ನಾಟಕವಾದರೋ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು.

‘ಮನೆಯೇನು ಕಾರ್ಖಾನೆಯೇ?’ ಎಂದು ಕೇಳುವವರಿದ್ದಾರೆ. ನಮಗೆ ಅದು ಮನೆ. ಆಕೆಗೆ ಕೆಲಸದ ಸ್ಥಳ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಈ ಮಾತನ್ನು ಒಪ್ಪಿ, ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸಿದೆ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಬಿಡಿಸುವುದಾದರೆ ಕಾರಣ ಹೇಳೋಣ, ಆಕೆಯ ಉತ್ತರ ಕೇಳೋಣ. ಒಂದು ತಿಂಗಳು ಮುಂಚೆ ತಿಳಿಸೋಣ, ಇಲ್ಲವೇ ಆ ತಿಂಗಳ ಸಂಬಳ ಕೊಡೋಣ. ಹೆರಿಗೆಗೆ ಹೋದವಳ ಕೆಲಸವನ್ನು ಆಕೆಗಾಗಿ ಉಳಿಸೋಣ. ವಾರಕ್ಕೊಂದು ರಜೆಗೆ ಸಂಬಳ ಹಿಡಿಯದಿರೋಣ. ದ್ವಾರಕೆಯ ಕನ್ನಡಿಗರು ತಮ್ಮ ತಮ್ಮ ಸೊಸೈಟಿಯ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸಲಿ. ವಿಚಾರಣೆಯಿಲ್ಲದೆ ಯಾರ ಗೇಟ್ ಪಾಸೂ ರದ್ದಾಗಬಾರದೆಂಬುದೇ ಅದರ ಮೊದಲ ಸಾಲಾಗಲಿ.