ಬೆಕ್ಕಿರುವ ಮನೆಗೆ ನಾಯಿಮರಿ ತರುವಾಗ

ನಮ್ಮ ಕಡೆ ಹೊಸ ನಾಯಿಮರಿ ಮನೆಗೆ ಬಂದ ದಿನ ಒಂದು ಆಟ ನಡೆಯುತ್ತದೆ. ಓಣಿಯ ಹುಡುಗರು ಕೂಡುತ್ತಾರೆ. ಮರಿಯನ್ನು ಅಂಗಳದಲ್ಲಿ ಬಿಟ್ಟು, ಒಲೆಯ ಹತ್ತಿರ ಮಲಗಿದ್ದ ಬೆಕ್ಕನ್ನು ಎತ್ತಿ ತಂದು ಅದರ ಮುಂದೆ ಒಗೆಯುತ್ತಾರೆ. ‘ಛೂ’ ಎನ್ನುತ್ತಾರೆ. ಬೆಕ್ಕು ಬಾಲ ಉಬ್ಬಿಸಿಕೊಂಡು ಓಡುತ್ತದೆ, ಮರಿ ಬೆನ್ನು ಹತ್ತುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರೂ ನಗುತ್ತಾರೆ. ‘ಈಗ ಹಿಂಗ ಐತಿ, ದೊಡ್ಡದಾದ ಮ್ಯಾಲ ತ್ವಾಳಾನೂ ಬಿಡೂದಿಲ್ಲ ನೋಡ್ರಿ’ ಎಂದು ಯಜಮಾನನಿಗೆ ಹೆಮ್ಮೆ.

ಈ ಆಟವನ್ನು ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಆ ದಿನ ಮರಿ ಕಲಿಯುವುದು ತೋಳನನ್ನು ಓಡಿಸುವುದನ್ನಲ್ಲ. ಓಡುವ ಸಣ್ಣ ಪ್ರಾಣಿಯನ್ನು ಬೆನ್ನಟ್ಟಿದರೆ ಮನೆಯವರು ಮೆಚ್ಚುತ್ತಾರೆ ಎಂಬುದನ್ನು. ಇಂದು ಬೆಕ್ಕು, ಆರು ತಿಂಗಳ ಮೇಲೆ ಕೋಳಿ, ವರ್ಷದ ಮೇಲೆ ನೆರೆಯವರ ಆಡಿನ ಮರಿ. ಆಗ ಪಂಚರ ಮುಂದೆ ದಂಡ ತೆರುವವರು ಯಾರು? ‘ಛೂ’ ಎಂದ ಹುಡುಗರಲ್ಲ.

ಬೆಕ್ಕು ಹೋದರೆ ಹೋಗಲಿ, ಇನ್ನೊಂದು ಬರುತ್ತದೆ ಎನ್ನುವವರುಂಟು. ಜೋಳ, ತೊಗರಿ, ಶೇಂಗಾ ಮನೆಯೊಳಗೆ ಇಡುವ ರೈತ ಹಾಗೆ ಅನ್ನಬಾರದು. ಒಂದು ದೊಡ್ಡ ಇಲಿ ದಿನಕ್ಕೆ 20ರಿಂದ 25 ಗ್ರಾಂ ಕಾಳು ತಿನ್ನುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಏಳರಿಂದ ಒಂಬತ್ತು ಕಿಲೊ ಆಯಿತು. ತಿಂದದ್ದಕ್ಕಿಂತ ಹಿಕ್ಕೆ, ಉಚ್ಚೆಯಿಂದ ಕೆಡಿಸಿದ್ದು ಹೆಚ್ಚು, ಕಡಿದ ಚೀಲದ ಲೆಕ್ಕ ಬೇರೆ. ಹೆಣ್ಣಿಲಿ ಗಬ್ಬವಾದ ಮೂರು ವಾರಕ್ಕೇ ಈಯುತ್ತದೆ, ಒಂದು ಸಲಕ್ಕೆ ಆರೆಂಟು ಮರಿ. ಇನ್ನು ವಿಷ ಇಡೋಣವೆಂದರೆ, ಝಿಂಕ್ ಫಾಸ್ಫೈಡ್ ತಿಂದು ಸತ್ತ ಇಲಿಯನ್ನು ಹೊಸ ನಾಯಿಮರಿಯೇ ಮೊದಲು ಕಂಡು ತಿನ್ನುತ್ತದೆ. ನಾಯಿ ಇರುವ ಮನೆಯಲ್ಲಿ ಇಲಿಗೆ ಬೆಕ್ಕೇ ಲೇಸು.

ನಾನೂ ಒಮ್ಮೆ ಈ ತಪ್ಪು ಮಾಡಿದವನೇ. ಮರಿ ತಂದ ದಿನವೇ ಪಡಸಾಲೆಯಲ್ಲಿ ಬಿಟ್ಟೆ. ಬೆಕ್ಕು ಜಂತಿ ಹಿಡಿದು ಬೆಳಕಿಂಡಿಯಿಂದ ಮಾಳಿಗೆ ಏರಿ ಹೋದದ್ದು ಹನ್ನೊಂದು ದಿನ ಬರಲಿಲ್ಲ. ‘ಮನೀ ಮಗಳನ್ನ ಹೊರಗ ಹಾಕಿ ನಂಟರನ್ನ ಕರ್ಕೊಂಡು ಬಂದಿ’ ಎಂದು ನಮ್ಮವ್ವ ದಿನಾ ಅಂದಳು. ಹನ್ನೆರಡನೆಯ ದಿನ ಅದು ಸೊರಗಿ ತಿರುಗಿ ಬಂತು. ಅಷ್ಟರಲ್ಲಿ ಬಿತ್ತಲು ಇಟ್ಟ ತೊಗರಿಯ ಚೀಲದ ತಳ ತೂತಾಗಿತ್ತು.

ಈಗ ತಳಿಯ ವಿಚಾರ. ತಂಗಡಗಿಯಿಂದ ಕೃಷ್ಣೆಯನ್ನು ದಾಟಿದರೆ ಬಾಗಲಕೋಟೆ ಜಿಲ್ಲೆ, ಮುಧೋಳ ಆ ಜಿಲ್ಲೆಯ ಊರು. ಆದ ಕಾರಣ ನಮ್ಮ ಭಾಗದ ರೈತ ನಾಯಿ ಎಂದಾಗ ಮೊದಲು ನೆನೆಯುವುದು ಮುಧೋಳ ನಾಯಿಯನ್ನು. ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಬಂತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ತಳಿ ಸಂಶೋಧನಾ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದರು. ಇದೆಲ್ಲ ನಮಗೆ ಅಭಿಮಾನದ ಮಾತು. ಆದರೆ ಬೆಕ್ಕಿನ ಮಟ್ಟಿಗೆ ನೆನಪಿಡಬೇಕಾದದ್ದು ಬೇರೆ. ಮುಧೋಳ ನಾಯಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಓಡಿದರೆ ಅದರ ಕಾಲು ನಿಲ್ಲದು. ಕುಳಿತ ಬೆಕ್ಕನ್ನು ಅದು ಮೂಸಿ ಬಿಡಬಹುದು, ಓಡುವ ಬೆಕ್ಕನ್ನು ಬಿಡುವುದು ಕಷ್ಟ. ಎಲ್ಲ ಉಪಾಯದ ಗುಟ್ಟೂ ಇಲ್ಲಿದೆ: ಮೊದಲ ತಿಂಗಳು ಬೆಕ್ಕು ಓಡುವ ಪ್ರಸಂಗವೇ ಬರದಂತೆ ನೋಡಿಕೊಳ್ಳಬೇಕು.

ಪುಣೆ, ಬೆಂಗಳೂರು ಸೇರಿದ ಮಕ್ಕಳು ರಜೆಗೆ ಬರುವಾಗ ಬುಲ್ ಟೆರಿಯರ್‌ನಂಥ ವಿದೇಶಿ ಮರಿ ತಂದು ಹಿರಿಯರ ಕೈಗೆ ಒಪ್ಪಿಸಿ ಹೋಗುವುದೂ ಉಂಟು. ಮೊಟ್ಟೆಯಂತೆ ಉದ್ದನೆಯ ಮೋರೆ, ಗಿಡ್ಡ ಕಾಲು, ಗಟ್ಟಿ ದವಡೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬುಲ್‌ಡಾಗ್ ಮತ್ತು ಟೆರಿಯರ್ ಕೂಡಿಸಿ ಮಾಡಿದ ತಳಿ ಇದು. ಟೆರಿಯರ್ ಎಂದರೆ ಮೂಲದಲ್ಲಿ ಇಲಿ, ಹೆಗ್ಗಣ ಹಿಡಿಯುವ ನಾಯಿಯೇ. ಹಾಗಿದ್ದರೆ ಬೆಕ್ಕಿನ ಕೆಲಸ ಇದೇ ಮಾಡಲಿ ಎಂದು ಒಬ್ಬರು ವಾದಿಸಿದರು. ನಾಯಿ ಜಂತಿ ಹತ್ತುವುದೇ? ಚೀಲದ ಸಂದಿಯಲ್ಲಿ ಇಡೀ ರಾತ್ರಿ ಕಾಯುವುದೇ? ಇದು ಸಿಟ್ಟಿನ ನಾಯಿಯಲ್ಲ, ಮನುಷ್ಯರನ್ನು ಬಹಳ ಹಚ್ಚಿಕೊಳ್ಳುತ್ತದೆ. ಆದರೆ ಆಟ ಒರಟು, ಹಿಡಿದದ್ದನ್ನು ಬಿಡುವ ಸ್ವಭಾವ ಕಡಿಮೆ. ಅದು ಆಡುತ್ತಿದೆ ಎಂದು ನಾವು ನೋಡುತ್ತಿರುವಾಗಲೇ ಬೆಕ್ಕಿನ ಬೆನ್ನು ಮುರಿದಿರುತ್ತದೆ. ಕೇಂದ್ರ ಸರಕಾರ 2024ರ ಮಾರ್ಚ್ 12ರಂದು ಕೆಲವು ತಳಿಗಳನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಆ ಪಟ್ಟಿಯಲ್ಲಿ ಟೆರಿಯರ್‌ಗಳ ಹೆಸರೂ ಇತ್ತು. ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟು ಅದನ್ನು ರದ್ದು ಮಾಡಿತು. ಪಟ್ಟಿಯ ಮಾತು ಏನೇ ಇರಲಿ, ಸಾಕಿದವನ ಹೊಣೆಯನ್ನು ಯಾವ ಕೋರ್ಟೂ ರದ್ದು ಮಾಡುವುದಿಲ್ಲ.

ಮರಿ ಯಾವ ತಳಿಯದಾದರೂ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ತುಂಬಿದ ಮೇಲೆ ತಡವೂ ಮಾಡಬಾರದು. ಸುಮಾರು ಮೂರೂವರೆ ತಿಂಗಳ ಒಳಗೆ ಮರಿ ಯಾರನ್ನು ನೋಡುತ್ತದೆಯೋ ಅವರನ್ನು ತನ್ನ ಮನೆಯವರೆಂದು ತಿಳಿಯುತ್ತದೆ. ಆ ಅವಧಿಯಲ್ಲಿ ಬೆಕ್ಕನ್ನೂ ಕೋಳಿಯನ್ನೂ ಆಕಳ ಕರುವನ್ನೂ ಶಾಂತವಾಗಿ ಕಂಡ ನಾಯಿ ಮುಂದೆ ತಂಟೆ ಮಾಡುವುದು ಕಡಿಮೆ.

ಮೊದಲ ನಾಲ್ಕೈದು ದಿನ ಇಬ್ಬರೂ ಮೋರೆ ನೋಡುವುದೇ ಬೇಡ. ಮರಿಯನ್ನು ದನ ಕಟ್ಟುವ ಕಡೆ ಒಂದು ಮೂಲೆಯಲ್ಲಿ ಇಡಿರಿ, ಒಳಮನೆ ಬೆಕ್ಕಿನದೇ ಇರಲಿ. ಮರಿ ಮಲಗಿದ ಗೋಣಿಚೀಲದ ತುಂಡನ್ನು ಬೆಕ್ಕಿನ ಹತ್ತಿರ, ಬೆಕ್ಕು ಮಲಗಿದ ಹಳೆಯ ಅರಿವೆಯನ್ನು ಮರಿಯ ಹತ್ತಿರ ಹಾಕಿರಿ. ಪ್ರಾಣಿಗಳು ಮೊದಲು ವಾಸನೆಯಿಂದ ಪರಿಚಯವಾಗತಕ್ಕವು. ಬೆಕ್ಕು ಆ ಗೋಣಿಯನ್ನು ನೋಡಿ ಬುಸುಗುಟ್ಟುವುದನ್ನು ಬಿಟ್ಟ ಮೇಲೆ ಮುಂದಿನ ಹೆಜ್ಜೆ.

ಮುಂದಿನ ಹೆಜ್ಜೆಯೆಂದರೆ ಮರಿಗೆ ಹೊಟ್ಟೆ ತುಂಬ ರೊಟ್ಟಿ, ಹಾಲು ಹಾಕಿ, ಸ್ವಲ್ಪ ಅಡ್ಡಾಡಿಸಿ ದಣಿಸಿ, ಕೊರಳಿಗೆ ಹಗ್ಗ ಹಾಕಿಕೊಂಡು ಪಡಸಾಲೆಗೆ ತರುವುದು. ಹಗ್ಗ ದೊಡ್ಡವರ ಕೈಯಲ್ಲೇ ಇರಬೇಕು. ಬೆಕ್ಕನ್ನು ಎತ್ತಿ ತರಬೇಡಿರಿ, ಅದು ತಾನೇ ಬರಲಿ. ಬಾರದಿದ್ದರೆ ಆ ದಿನ ಅಷ್ಟಕ್ಕೇ ಬಿಡಿರಿ. ಅದಕ್ಕೆ ಎತ್ತರದಲ್ಲಿ ಒಂದು ಜಾಗ ಇರಲೇಬೇಕು: ಗೋಡೆಯ ಮಾಡವಾಗಲಿ, ಗುಮ್ಮಿಯ ಮೇಲಾಗಲಿ, ಅಟ್ಟವಾಗಲಿ. ನಮ್ಮ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇದಕ್ಕೆ ಕೊರತೆಯಿರಲಿಲ್ಲ. ಈಗಿನ ಆರ್‌ಸಿಸಿ ಮನೆಯಲ್ಲಿ ಜಂತಿಯೂ ಇಲ್ಲ, ಮಾಡವೂ ಇಲ್ಲ. ಅಲ್ಲಿ ಗೋಡೆಗೆ ಒಂದು ಹಲಗೆಯನ್ನಾದರೂ ಬಡಿಯಿರಿ. ಮೇಲೆ ಜಾಗವಿದೆಯೆಂದು ಗೊತ್ತಿರುವ ಬೆಕ್ಕು ಓಡುವುದಿಲ್ಲ, ಕುಳಿತು ನೋಡುತ್ತದೆ.

ಮರಿ ಬೆಕ್ಕನ್ನೇ ದಿಟ್ಟಿಸಿ ಮೈ ಬಿಗಿದರೆ ಹೆಸರು ಹಿಡಿದು ಕರೆದು ಬೇರೆ ಕಡೆ ತಿರುಗಿಸಿರಿ, ತಿರುಗಿದ ಕೂಡಲೇ ಒಂದು ತುತ್ತು ಕೊಡಿರಿ. ಹೊಡೆಯುವುದು ಬೇಡ. ಬೆಕ್ಕನ್ನು ಕಂಡಾಗಲೆಲ್ಲ ಏಟು ಬಿದ್ದರೆ ಮರಿಗೆ ಬೆಕ್ಕಿನ ಮೇಲೇ ದ್ವೇಷ ಹುಟ್ಟುತ್ತದೆ. ಬೆಕ್ಕು ಮೂಗಿಗೆ ಒಂದು ಏಟು ಕೊಟ್ಟರೆ ಕೊಡಲಿ, ಆ ಪಾಠ ನಾವು ಕಲಿಸಲಾರೆವು. ಕಣ್ಣಿಗೆ ಉಗುರು ತಾಗದಂತೆ ಮಾತ್ರ ಎಚ್ಚರವಿರಲಿ. ಹೀಗೆ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಎರಡು ವಾರಕ್ಕೆ ಕೆಲವು ಹೊಂದುತ್ತವೆ, ಕೆಲವಕ್ಕೆ ಎರಡು ತಿಂಗಳು ಬೇಕು. ಸುಗ್ಗಿಯ ದಿನಗಳಲ್ಲಿ ಮರಿ ತರಬೇಡಿರಿ, ಹಗ್ಗ ಹಿಡಿದು ಕೂಡ್ರಲು ಯಾರಿಗೂ ಪುರಸತ್ತಿರುವುದಿಲ್ಲ.

ಊಟದ ತಟ್ಟೆ ಬೇರೆ ಬೇರೆ, ಬೆಕ್ಕಿನದು ಎತ್ತರದಲ್ಲಿ. ಎರಡಕ್ಕೂ ಜಂತುಹುಳದ ಔಷಧ ಹಾಕಿಸಿರಿ.

ದೊಡ್ಡ ನಾಯಿಯ ಬಗ್ಗೆ ಒಂದು ಮಾತು. ಈಗಾಗಲೇ ಬೆಕ್ಕು ಕೊಂದು ರೂಢಿಯಾದ ನಾಯಿಯನ್ನು ಬೆಕ್ಕಿರುವ ಮನೆಗೆ ತರಲೇಬೇಡಿರಿ, ಅದು ಎಷ್ಟೇ ಒಳ್ಳೆಯ ತಳಿಯದಾಗಲಿ, ಪುಕ್ಕಟೆಯೇ ಬರಲಿ. ಮರಿಯಿಂದ ಜತೆಗೆ ಬೆಳೆದ ಮುಧೋಳ ನಾಯಿ ಕೂಡ ಮನೆಯ ಬೆಕ್ಕನ್ನು ಬಿಟ್ಟು ಹೊಲದಲ್ಲಿ ಕಂಡ ಬೆಕ್ಕನ್ನು ಅಟ್ಟುವುದುಂಟು. ಎರಡೂ ಒಂದೇ ಜಾತಿ ಎಂಬ ಲೆಕ್ಕ ಅದಕ್ಕಿಲ್ಲ.

ಲಸಿಕೆಯ ವಿಷಯದಲ್ಲಿ ನಮ್ಮವರು ಅರ್ಧ ಕೆಲಸ ಮಾಡುತ್ತಾರೆ. ನಾಯಿಗೆ ಹಾಕಿಸಿ ಬೆಕ್ಕನ್ನು ಮರೆಯುತ್ತಾರೆ. ಹುಚ್ಚುನಾಯಿ ರೋಗ ಬೆಕ್ಕಿಗೂ ಬರುತ್ತದೆ, ಬೆಕ್ಕು ಕಚ್ಚಿದರೂ ಪರಚಿದರೂ ಮನುಷ್ಯನಿಗೆ ತಗಲಬಲ್ಲುದು. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ಮುಂದಿನದು ಪಶುವೈದ್ಯರು ಹೇಳಿದ ದಿನಕ್ಕೆ, ಆಮೇಲೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ಮೊದಲೇ ವಿಚಾರಿಸಿಡಿರಿ. ಈ ಪರಿಚಯದ ದಿನಗಳಲ್ಲಿ ಹಗ್ಗ ಹಿಡಿದವರ ಕೈಗೇ ಹೆಚ್ಚಾಗಿ ಗಾಯವಾಗುವುದು. ಅರಿಷಿಣ, ಸುಣ್ಣ ಮೆತ್ತದೆ, ಸಬಕಾರ ಹಚ್ಚಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಅಂದೇ ದವಾಖಾನೆಗೆ ಹೋಗಿರಿ.

ಮರಿ ನೋಡಲು ಬಂದವರಲ್ಲಿ ಒಬ್ಬರಾದರೂ ‘ಛೂ’ ಎನ್ನುವವರು ಇದ್ದೇ ಇರುತ್ತಾರೆ. ಅಂಥವರಿಗೆ ಚಹಾ ಕೊಟ್ಟು ಹೊರಗಿನ ಕಟ್ಟೆಯ ಮೇಲೆಯೇ ಕೂಡ್ರಿಸಿರಿ.