ಟಿಸಿ ದೊಡ್ಡದಾದರೆ ಸಾಲದು, ಹತ್ತಿರ ಬರಬೇಕು



ಬೇಸಿಗೆ ಬಂತೆಂದರೆ ವೋಲ್ಟೇಜ್ ಸಾಲದೆಂದು ಪಂಪ್‌ಸೆಟ್ ರೈತರು ಗೋಳಾಡುತ್ತಾರೆ. ದೊಡ್ಡ ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕಿಸಿಕೊಡುತ್ತೇವೆ ಎಂಬ ಭರವಸೆ ಸಿಗುತ್ತದೆ. ನಮ್ಮೂರ ಹೊಲದ ಲೈನಿಗೆ ಈ ಸಲ ಭರವಸೆ ಈಡೇರಿತು. 63 ಕೆವಿಎ ಟಿಸಿ ಇಳಿಸಿ 100 ಕೆವಿಎ ಕೂರಿಸಿದರು, ಪೂಜೆ ಮಾಡಿ ಕಾಯಿ ಒಡೆದರು. ಹದಿನೈದು ದಿನ ಕಳೆದಿರಲಿಲ್ಲ, ಆ ಲೈನಿನ ಕೊನೆಯ ತೋಟದ 5 ಎಚ್‌ಪಿ ಸಬ್‌ಮರ್ಸಿಬಲ್ ಮತ್ತೆ ನನ್ನ ಅಂಗಡಿಗೆ ಬಂತು. ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಅದೇ ಮೋಟಾರು ಅದೇ ಬೇಸಿಗೆಯಲ್ಲಿ ಮೂರನೇ ಸಲ ಬಂದಿತ್ತು.

ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಒಂದು ಫೇಸ್ ಹೋಗಿ ಸುಟ್ಟ ಮೋಟಾರಿನಲ್ಲಿ ಮೂರೂ ಫೇಸಿನ ಸುರುಳಿಗಳು ಸಮನಾಗಿ ಹಾಳಾಗಿರುವುದಿಲ್ಲ. ಇದರಲ್ಲಿ ಮೂರೂ ಒಂದೇ ಸಮನೆ ಬೆಂದಿದ್ದವು. ತಾಮ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ವೋಲ್ಟೇಜ್ ಕಮ್ಮಿಯಾಗಿ, ಮೋಟಾರು ಜಾಸ್ತಿ ಕರೆಂಟ್ ಎಳೆದು, ಗಂಟೆಗಟ್ಟಲೆ ಕಾದು ಸಾಯುವ ರೀತಿ ಇದು.

ಮರುದಿನ ಮೀಟರು, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ಲೈನಿನ ಉದ್ದಕ್ಕೂ ನಡೆದೆ. ಟಿಸಿ ಬುಡದಲ್ಲಿ 418 ವೋಲ್ಟ್ ಇತ್ತು. ಒಂದು ಕಿಲೋಮೀಟರ್ ಆಚೆ, ನಾಲ್ಕು ಬೋರ್‌ವೆಲ್‌ಗಳು ಒಟ್ಟಿಗಿರುವ ಕೊನೆಯಲ್ಲಿ 346. ಹಳೇ ಟಿಸಿ ಇದ್ದಾಗ ಅಲ್ಲೇ 340 ಸಿಕ್ಕಿತ್ತು. ಅಷ್ಟು ಖರ್ಚು ಮಾಡಿ ಗಳಿಸಿದ್ದು ಬರೀ 6 ವೋಲ್ಟ್!

ಟಿಸಿಯಿಂದ ಕೊನೆಯವರೆಗೆ ಬಿದ್ದ 72 ವೋಲ್ಟ್ ಹೋಗಿದ್ದು ತಂತಿಯಲ್ಲಿ. ಆ ಲೈನಿಗೆ ಎಳೆದಿರುವುದು ವೀಸೆಲ್ ಎಂಬ ಹೆಸರಿನ ತಂತಿ. ಒಂದು ಕಿಲೋಮೀಟರಿಗೆ ಅದರ ತಡೆ ಸುಮಾರು 0.91 ಓಮ್. ಮೋಟಾರಿನ ಪವರ್ ಫ್ಯಾಕ್ಟರ್ 0.8 ಎಂದಿಟ್ಟು, ತಂತಿಯ ರಿಯಾಕ್ಟೆನ್ಸನ್ನೂ ಸೇರಿಸಿದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು ಸುಮಾರು 0.94. ನಾಲ್ಕು ಮೋಟಾರು ತಲಾ 9 ಆಂಪಿಯರ್ ಎಳೆದರೆ 36 ಆಂಪಿಯರ್. ಇದನ್ನು 0.94ರಿಂದ ಗುಣಿಸಿ, ಮೂರು ಫೇಸಿಗಾಗಿ ಮತ್ತೆ 1.732ರಿಂದ ಗುಣಿಸಿದರೆ ಸುಮಾರು 59 ವೋಲ್ಟ್ ಬೀಳುತ್ತದೆ. ಬಿದ್ದದ್ದಕ್ಕೆ ಮೋಟಾರು ಇನ್ನಷ್ಟು ಕರೆಂಟ್ ಎಳೆಯುತ್ತದೆ. ನನ್ನ ಟಾಂಗ್ ಟೆಸ್ಟರ್ ತೋರಿಸಿದ್ದು ತಲಾ 11 ಆಂಪಿಯರ್. ಆಗ ಲೆಕ್ಕ 72ಕ್ಕೇ ಬಂದು ನಿಲ್ಲುತ್ತದೆ. ಇದರಲ್ಲಿ ಟಿಸಿ ಎಷ್ಟು ಕೆವಿಎ ಎಂಬುದು ಎಲ್ಲಿಯೂ ಬರುವುದಿಲ್ಲ. ಬರುವುದು ತಂತಿಯ ಉದ್ದ, ದಪ್ಪ, ಅದರಲ್ಲಿ ಹರಿಯುವ ಕರೆಂಟು.

415 ವೋಲ್ಟಿನ ಸಂಪರ್ಕದಲ್ಲಿ ಏರಿಳಿತ ಶೇ 6 ಮೀರಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಅಂದರೆ 390ಕ್ಕಿಂತ ಕೆಳಗೆ ಇಳಿಯಕೂಡದು. ಈ ಮಾತನ್ನು ವಿದ್ಯುತ್ ಕಚೇರಿಯಲ್ಲಿ ಎತ್ತಿದರೆ, 'ಟಿಸಿ ಓವರ್‌ಲೋಡ್ ಇಲ್ಲವಲ್ಲ' ಎಂಬ ಉತ್ತರ ಬಂತು. ಯಾವ ಟಿಸಿಗೆ ಎಷ್ಟು ಎಚ್‌ಪಿ ಎಂದು ಕೂಡುವ ಲೆಕ್ಕ ಅಲ್ಲಿದೆ. ಲೈನಿನ ತುದಿಯಲ್ಲಿ ಎಷ್ಟು ವೋಲ್ಟ್ ಉಳಿಯುತ್ತದೆ ಎಂಬ ಲೆಕ್ಕ ಮಾತ್ರ ಎಸ್ಟಿಮೇಟಿನಲ್ಲಿ ಇರಲೇ ಇಲ್ಲ.

ನಷ್ಟ ರೈತನೊಬ್ಬನದ್ದಲ್ಲ. 44 ಆಂಪಿಯರ್ ಹರಿಯುವಾಗ ಆ ಒಂದು ಕಿಲೋಮೀಟರ್ ತಂತಿ ಬಿಸಿಯಾಗುವುದಕ್ಕೇ 5 ಕಿಲೋವ್ಯಾಟಿಗಿಂತ ಹೆಚ್ಚು ವಿದ್ಯುತ್ ಹೋಗುತ್ತದೆ. ಏಳು ಗಂಟೆ ತ್ರೀ ಫೇಸ್ ಕೊಟ್ಟರೆ 37 ಯೂನಿಟ್. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಕರೆಂಟಿಗೆ ಸಹಾಯಧನ ಕೊಡುವುದು ಜನರ ತೆರಿಗೆಯಿಂದ. ಒಂದು ಹನಿ ನೀರನ್ನೂ ಮೇಲೆತ್ತದ ಈ ಯೂನಿಟ್ಟುಗಳ ಹಣವೂ ಎಲ್ಲಿಂದಲೋ ಬರಲೇಬೇಕು.

ರೈತರ ತಪ್ಪೂ ಇದೆ. 5 ಎಚ್‌ಪಿಗೆ ಮಂಜೂರಾತಿ ಪಡೆದು 7.5 ಇಳಿಸುವವರಿದ್ದಾರೆ. ಸ್ಟಾರ್ಟರ್ ಪದೇಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯ ಸೆಟ್ಟಿಂಗನ್ನೇ ಏರಿಸುತ್ತಾರೆ. ಕೆಪಾಸಿಟರ್ ಕಿತ್ತಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಆದರೆ ಕೆಪಾಸಿಟರ್ ಹಾಕಿದ ಮಾತ್ರಕ್ಕೆ ಒಂದು ಕಿಲೋಮೀಟರ್ ತಂತಿಯ ತಡೆ ಮಾಯವಾಗುವುದಿಲ್ಲ.

ಆ ನಾಲ್ಕು ಬೋರ್‌ವೆಲ್‌ಗಳ ತನಕ 11 ಕೆವಿ ಲೈನನ್ನೇ ಒಯ್ದು, ಎರಡೆರಡು ಮೋಟಾರಿಗೆ ಒಂದರಂತೆ 25 ಕೆವಿಎ ಟಿಸಿ ಇಟ್ಟಿದ್ದರೆ? ಅದೇ ವಿದ್ಯುತ್ತಿಗೆ 11 ಕೆವಿಯಲ್ಲಿ ಒಂದೂವರೆ ಆಂಪಿಯರ್ ಕೂಡ ಬೇಡ. ಅದೇ ವೀಸೆಲ್ ತಂತಿಯಲ್ಲಿ 11,000 ವೋಲ್ಟಿಗೆ ಬೀಳುವುದು ಎರಡು ವೋಲ್ಟ್ ಚಿಲ್ಲರೆ. ಎಚ್‌ವಿಡಿಎಸ್ ಎಂದು ಕರೆಯುವ ಈ ಪದ್ಧತಿ ಇಲಾಖೆಯವರಿಗೆ ಹೊಸದೇನಲ್ಲ.

ಕಂಬ, ತಂತಿ, ಟಿಸಿಗೆ ಎಸ್ಟಿಮೇಟ್ ಬರೆಯುವಾಗ ಲೈನಿನ ಉದ್ದ, ತಂತಿಯ ಹೆಸರು, ಕೊನೆಯ ಕಂಬದಲ್ಲಿ ಸಿಗುವ ವೋಲ್ಟೇಜ್, ಈ ಮೂರನ್ನೂ ಕಡ್ಡಾಯವಾಗಿ ಬರೆದು ರೈತನ ಕೈಗೆ ಒಂದು ಪ್ರತಿ ಕೊಡಬೇಕು. ಕೆಲಸ ಮುಗಿದ ಮೇಲೆ ಎಲ್ಲ ಮೋಟಾರುಗಳೂ ಓಡುತ್ತಿರುವಾಗ ಅದೇ ಕೊನೆಯ ಕಂಬದಲ್ಲಿ ಅಳೆದು ನೋಡಬೇಕು. 390 ಬರದಿದ್ದರೆ ಆ ಕೆಲಸ ಮುಗಿದಿದೆ ಎಂದು ಬಿಲ್ ಮಾಡಬಾರದು.

ಮೋಟಾರ್ ರಿವೈಂಡಿಂಗ್ ಕೆಲಸಗಾರ,
ಚಿತ್ರದುರ್ಗ ಜಿಲ್ಲೆ